ಒಂದು ಬೀದಿ, 30 ಮನೆ, 25 ಅಂಕ

ಸಂಪಾದಕರಿಗೆ,

ಮಾನ್ಯರೇ,

ಜೂನ್ 5 ಬಂತೆಂದರೆ ಪದವಿ ಕಾಲೇಜುಗಳಲ್ಲಿ ಸಸಿ ನೆಡುತ್ತಾರೆ. ಕೆಲವು ಕಡೆ ಹೊಸ ಗುಂಡಿ ತೋಡುವ ಶ್ರಮವೂ ಇರುವುದಿಲ್ಲ, ಹೋದ ವರ್ಷದ್ದೇ ಖಾಲಿ ಇರುತ್ತದೆ. ಆಮೇಲೆ ಪರಿಸರ ಅಧ್ಯಯನ ಎನ್ನುವ ಕಡ್ಡಾಯ ಪತ್ರಿಕೆ. ಈ ಪತ್ರಿಕೆಯ ಹಿಂದೆ 1991ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶವಿದೆ. ಅದು ಜಾರಿಗೆ ಬರಲು ಇನ್ನೊಂದು ದಶಕ ಹಿಡಿಯಿತು. ಕೊನೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಲ್ಲ ಪದವಿಗಳಿಗೂ ಅನ್ವಯಿಸುವ ಆರು ತಿಂಗಳ ಪಠ್ಯ ರೂಪಿಸಿತು: 8 ಘಟಕ, 50 ತರಗತಿ. ಅದರ ಕೊನೆಯ ಘಟಕ ಕ್ಷೇತ್ರಕಾರ್ಯ. ತರಗತಿ ಲೆಕ್ಕದಲ್ಲಿ ಬರೀ 5, ಅಂಕದ ಲೆಕ್ಕದಲ್ಲಿ 100ಕ್ಕೆ 25. ಆಮೇಲೆ ಪಠ್ಯಕ್ರಮಗಳು ಬಂದವು, ಹೋದವು. ನಾಲ್ಕು ವರ್ಷದ ಪದವಿ ಬಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಪರಿಸರದ ಪತ್ರಿಕೆಯ ಕ್ಷೇತ್ರಕಾರ್ಯ ಮಾತ್ರ ಇದ್ದಲ್ಲೇ ಇದೆ: ಅಂತರ್ಜಾಲದಿಂದ ಇಳಿಸಿಕೊಂಡ ಹಿಮಕರಡಿಯ ಚಿತ್ರ, ಹೊಳೆಯುವ ರಟ್ಟು, ಸುರುಳಿ ಬೈಂಡಿಂಗ್.

ಈ 25 ಅಂಕಗಳನ್ನು ಸಮಾಜಶಾಸ್ತ್ರದ ರೀತಿಯ ಬೀದಿ ಅಧ್ಯಯನಕ್ಕೆ ಮೀಸಲಿಡಿ ಎಂದು ಕೇಳಲು ಈ ಪತ್ರ. ವಿಜ್ಞಾನ ವಿಭಾಗದವರ ಮೇಲೆ ಸಮಾಜಶಾಸ್ತ್ರದ ಅಧ್ಯಾಪಕರಾದ ನಮಗೆ ಜಗಳವಿಲ್ಲ. ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಲೀಟರಿಗೆ 1 ಮಿಲಿಗ್ರಾಂನ ಮಿತಿ ದಾಟಿದೆಯೇ, 1.5ರ ಕೊನೆಯ ಮಿತಿಯನ್ನೂ ದಾಟಿದೆಯೇ ಎಂದು ಹೇಳುವವರು ಅವರೇ. ಆ ನೀರನ್ನು ಯಾವ ಮನೆಯವರು ಬಿಟ್ಟಿದ್ದಾರೆ, ಯಾವ ಮನೆಯವರು ಇನ್ನೂ ಕುಡಿಯುತ್ತಿದ್ದಾರೆ, ಬಿಡಲು ತಿಂಗಳಿಗೆ ಎಷ್ಟು ಖರ್ಚು, ಆ ಖರ್ಚು ಯಾರ ಕೂಲಿಯ ಎಷ್ಟನೇ ಪಾಲು ಎಂಬುದನ್ನು ಪ್ರಯೋಗಾಲಯ ಹೇಳುವುದಿಲ್ಲ. ಅದನ್ನು ಬೀದಿಯಲ್ಲಿ ಅಳೆಯಬೇಕು. ‘ಅಸಮಾನತೆ’ ಎಂದರೆ ಭಾಷಣದ ಪದ ಎಂದುಕೊಂಡವರಿಗೆ ಅದು ಲೀಟರ್, ರೂಪಾಯಿ, ನಿಮಿಷಗಳಲ್ಲಿ ಅಳೆಯಬಹುದಾದ ಸಂಗತಿ ಎಂದು ಗೊತ್ತಿರುವುದಿಲ್ಲ.

ಬೆಂಗಳೂರಿನ ಲೆಕ್ಕವನ್ನೇ ನೋಡಿ. ಜಲಮಂಡಳಿಯ ಗೃಹಬಳಕೆ ದರ 2014ರಿಂದ 2025ರ ಏಪ್ರಿಲ್‌ವರೆಗೆ ತಿಂಗಳ ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿ ಇತ್ತು. 2024ರ ಮಾರ್ಚ್‌ನಲ್ಲಿ ಬೋರ್‌ಗಳು ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಬಿದ್ದಾಗ ಜಿಲ್ಲಾಡಳಿತ ಖಾಸಗಿ ಟ್ಯಾಂಕರ್‌ಗೆ ದರ ಕಟ್ಟಿತು: 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. ಸಾವಿರ ಲೀಟರಿಗೆ ಇಳಿಸಿ ನೋಡಿದರೆ ಸಣ್ಣ ಟ್ಯಾಂಕರ್ ನೀರು 100 ರೂಪಾಯಿ, ದೊಡ್ಡದು ಸುಮಾರು 83. ದೊಡ್ಡದೇ ಅಗ್ಗ. ಆದರೆ 12,000 ಲೀಟರ್ ಒಮ್ಮೆಲೇ ಇಳಿಸಿಕೊಳ್ಳಲು ಸಂಪು ಬೇಕು, ಸಂಪು ತೋಡಿಸಲು ಸ್ವಂತ ಜಾಗ ಬೇಕು. ಇನ್ನು 5 ರೂಪಾಯಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವವರ ಲೆಕ್ಕ: ಸಾವಿರ ಲೀಟರಿಗೆ 250 ರೂಪಾಯಿ. ದಿನಕ್ಕೊಂದು ಕ್ಯಾನ್ ಎಂದರೆ ತಿಂಗಳಿಗೆ 600 ಲೀಟರ್, 150 ರೂಪಾಯಿ. ನಲ್ಲಿ ಇರುವ ಮನೆಗೆ 8,000 ಲೀಟರಿಗೆ ಆಗ ಬೀಳುತ್ತಿದ್ದದ್ದು 56. ಒಳಚರಂಡಿ ಮತ್ತಿತರ ಶುಲ್ಕ ಈ 56ರಲ್ಲಿ ಸೇರಿಲ್ಲ, ಕಾಯಿನ್ ನೀರು ಶುದ್ಧೀಕರಿಸಿದ್ದು ಎಂಬುದನ್ನೂ ಹೇಳಲೇಬೇಕು. ಅಷ್ಟನ್ನು ಕಳೆದರೂ ಅಂತರ ಕಣ್ಣಿಗೆ ರಾಚುತ್ತದೆ.

ಅದೇ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಆದೇಶವೂ ಬಂತು. ಸರಿಯೇ. ಆದರೆ ‘ಎಲ್ಲರೂ ನೀರು ಉಳಿಸಿ’ ಎಂಬ ಫಲಕದ ಕೆಳಗೆ ಕೊಡ ಹಿಡಿದು ನಿಂತವಳಿಗೆ ಉಳಿಸಲು ಕಾರೂ ಇಲ್ಲ, ತೋಟವೂ ಇಲ್ಲ.

ವಠಾರದ್ದು ಇನ್ನೊಂದು ಕತೆ. ಹೆಚ್ಚು ಬಳಸಿದವರಿಗೆ ಹೆಚ್ಚು ದರ ಎಂಬುದು ಬಡವರ ಪರವಾದ ನಿಯಮ ಎಂದೇ ಹಲವು ಪುಸ್ತಕಗಳು ಹೇಳುತ್ತವೆ. ಒಂದೇ ಮೀಟರ್‌ನಲ್ಲಿ ಆರು ಸಂಸಾರಗಳಿದ್ದು, ಬಿಲ್ಲಿನಲ್ಲಿ ಮಾತ್ರ ಒಂದೇ ಮನೆ ಎಂದು ನಮೂದಾಗಿದ್ದರೆ ಏನಾಗುತ್ತದೆ? ತಲಾ 8,000ದಂತೆ 48,000 ಲೀಟರ್. ಹಳೆಯ ದರದಲ್ಲಿ ಮೊದಲ 8,000ಕ್ಕೆ 56, ಮುಂದಿನ 17,000ಕ್ಕೆ ಸಾವಿರಕ್ಕೆ 11ರಂತೆ 187, ಉಳಿದ 23,000ಕ್ಕೆ 26ರಂತೆ 598. ಒಟ್ಟು 841 ರೂಪಾಯಿ. ಆರು ಬೇರೆ ಬೇರೆ ಮೀಟರ್ ಇದ್ದಿದ್ದರೆ 336. ಅಷ್ಟೇ ನೀರು, ಎರಡೂವರೆ ಪಟ್ಟು ಹಣ. ಮಾಲೀಕರು ಅದನ್ನು ತಲೆಗೆ ಹಂಚುತ್ತಾರೋ, ಬಾಡಿಗೆಯಲ್ಲಿ ಸೇರಿಸುತ್ತಾರೋ, ಇನ್ನೂ ಮೇಲೆ ಇಟ್ಟು ವಸೂಲು ಮಾಡುತ್ತಾರೋ ಯಾವ ಸರ್ಕಾರಿ ಕಡತದಲ್ಲೂ ಸಿಗುವುದಿಲ್ಲ. ಕೇಳಿಯೇ ತಿಳಿಯಬೇಕು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾಗಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ಲೆಕ್ಕ ಹಾಕಿದ ಮೇಲೂ ಈ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕೊಳವೆ ಬೀದಿಗೆ ಬರಬಹುದು. ಅಲ್ಲಿಂದ ಮನೆಗೆ ಬರಲು ಕಟ್ಟಡದ ಕಾಗದ, ಠೇವಣಿ, ಮಾಲೀಕರ ಮನಸ್ಸು ಮೂರೂ ಕೂಡಬೇಕು.

ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಇಂಥ ಕೆಲಸ ಮಾಡಬಲ್ಲರೇ ಎಂಬ ಅನುಮಾನ ಬರಬಹುದು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1979ರಲ್ಲಿ ಇದು ನಡೆದಿದೆ. ಕಪ್ಪು ಜನರೇ ಹೆಚ್ಚಾಗಿದ್ದ ಬಡಾವಣೆಯೊಂದರಲ್ಲಿ ಕಸದ ಗುಂಡಿ ಬರುವುದಿತ್ತು. ಅದರ ವಿರುದ್ಧದ ಮೊಕದ್ದಮೆಗೆ ಸಾಕ್ಷ್ಯ ಬೇಕಾದಾಗ ಸಮಾಜಶಾಸ್ತ್ರದ ಅಧ್ಯಾಪಕ ರಾಬರ್ಟ್ ಬುಲರ್ಡ್ ತಮ್ಮ ಸಂಶೋಧನಾ ವಿಧಾನ ತರಗತಿಯ ವಿದ್ಯಾರ್ಥಿಗಳನ್ನೇ ಕೆಲಸಕ್ಕೆ ಹಚ್ಚಿದರು. ಡಿಜಿಟಲ್ ನಕ್ಷೆ ಇರಲಿಲ್ಲ. ನಗರಸಭೆಯ ಹಳೆ ಕಡತ ತಿರುವಿದರು, ಬೀದಿ ಬೀದಿ ನಡೆದರು, ಕಸ ಎಲ್ಲೆಲ್ಲಿ ಬಿದ್ದಿದೆ ಎಂದು ಗುರುತು ಹಾಕಿದರು. ನಗರಸಭೆಯ ಒಡೆತನದ 5 ಕಸದ ಗುಂಡಿಗಳಲ್ಲಿ ಐದಕ್ಕೆ ಐದೂ, 8 ದಹನ ಘಟಕಗಳಲ್ಲಿ ಆರೂ ಕಪ್ಪು ಜನರ ಬಡಾವಣೆಗಳಲ್ಲಿದ್ದವು. ಊರಿನ ಜನಸಂಖ್ಯೆಯಲ್ಲಿ ಅವರ ಪಾಲು ಕಾಲುಭಾಗ. ನ್ಯಾಯಾಲಯ ತಡೆ ಕೊಡಲಿಲ್ಲ, ಗುಂಡಿ ಬಂದೇ ಬಂತು. ಆದರೆ ‘ಕಸ ಎಲ್ಲರ ಸಮಸ್ಯೆ’ ಎಂಬ ಮಾತು ಆ ಪಟ್ಟಿಯ ಮುಂದೆ ಮೊದಲಿನಂತೆ ನಿಲ್ಲಲಿಲ್ಲ.

ಬೆಂಗಳೂರಿನ ಕಸ ಸುರಿಯುತ್ತಿದ್ದ ನಮ್ಮ ಮಾವಳ್ಳಿಪುರ ಮತ್ತು ಮಂಡೂರು ಇದಕ್ಕಿಂತ ದೂರದವೇನಲ್ಲ. ಒಂದು 2012ರಲ್ಲಿ ಮುಚ್ಚಿತು, ಇನ್ನೊಂದಕ್ಕೆ ಕಸ ಹೋಗುವುದು ಊರವರ ಹೋರಾಟದ ಮೇಲೆ 2014ರ ಕೊನೆಗೆ ನಿಂತಿತು. ಎರಡೂ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಊರುಗಳು. ಕಸ ಹಾಕುತ್ತಿದ್ದ ಪಾಲಿಕೆಯ ಚುನಾವಣೆಯಲ್ಲಿ ಆ ಊರವರಿಗೆ ಮತವಿರಲಿಲ್ಲ. ಕಸದಿಂದ ಸೋರುವ ಕಪ್ಪು ನೀರು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ರಸಾಯನಶಾಸ್ತ್ರದ ಪ್ರಶ್ನೆ, ಕಸದ ಲಾರಿ ಆ ದಾರಿಯನ್ನೇ ಏಕೆ ಹಿಡಿಯಿತು ಎಂಬುದು ನಮ್ಮದು. ಲಖನೌದ ರಾಧಾಕಮಲ್ ಮುಖರ್ಜಿ ನದಿ, ಮಣ್ಣು, ಬೆಳೆ, ಜನರ ಸಂಬಂಧವನ್ನು ಸಮಾಜಶಾಸ್ತ್ರದ ಒಳಗೆ ತಂದು ಸುಮಾರು ನೂರು ವರ್ಷವಾಗುತ್ತ ಬಂತು. ನಮ್ಮ ಕಾಲೇಜುಗಳಲ್ಲಿ ಸಮಾಜಶಾಸ್ತ್ರ ಇವತ್ತಿಗೂ ‘ಓದದೆ ಪಾಸಾಗುವ ವಿಷಯ’.

ಈಗ ಕೆಲಸಕ್ಕೆ ಬರೋಣ. ಒಬ್ಬ ಅಧ್ಯಾಪಕ, ಹತ್ತು ವಿದ್ಯಾರ್ಥಿಗಳು, ಒಂದು ಬೀದಿ. ನೂರಿಪ್ಪತ್ತು ಸಂಸಾರಗಳಿರುವ ಬೀದಿಯಾದರೆ ಸಾಕು. ಮೊದಲ ದಿನ ಯಾರನ್ನೂ ಪ್ರಶ್ನೆ ಕೇಳಬಾರದು. ನೀರು ಬಿಡುವ ವಾಟರ್‌ಮ್ಯಾನ್ ಜೊತೆ ನಡೆಯಬೇಕು, ಅದೂ ಬೀದಿಯ ಕೊನೆಯಿಂದ ವಾಲ್ವ್‌ನ ಕಡೆಗೆ. ನಲ್ಲಿ, ತೊಂಬೆ, ಸಂಪಿನ ಮುಚ್ಚಳ, ಮೋರಿ, ಕಸ ಸುರಿಯುವ ಮೂಲೆ, ಟ್ಯಾಂಕರ್ ತಿರುಗಲಾಗದ ಸಂದಿ ಎಲ್ಲವನ್ನೂ ಕೈಯಲ್ಲೇ ನಕ್ಷೆ ಮಾಡಬೇಕು. ವಾಲ್ವ್ ತಿರುಗಿದ ಎಷ್ಟು ನಿಮಿಷಕ್ಕೆ ಮೊದಲ ಮನೆಗೆ ನೀರು ಬಂತು, ಎಷ್ಟು ನಿಮಿಷಕ್ಕೆ ಕೊನೆಯ ಮನೆಗೆ ಬಂತು ಎಂದು ಗಡಿಯಾರ ಹಿಡಿದು ಬರೆದರೆ ಅರ್ಧ ಅಧ್ಯಯನ ಅಲ್ಲೇ ಮುಗಿದ ಹಾಗೆ. ನಡುವೆ ಯಾರಾದರೂ ಕೊಳವೆಗೇ ಮೋಟಾರ್ ಕೂರಿಸಿ ಎಳೆಯುತ್ತಿದ್ದರೆ ಕೊನೆಯ ನಲ್ಲಿಯಲ್ಲಿ ಗಾಳಿಯ ಸದ್ದು ಮಾತ್ರ ಬರುತ್ತದೆ. ಅದನ್ನು ಬರೆದುಕೊಳ್ಳಬೇಕೇ ಹೊರತು ಯಾರ ಮನೆ ಎಂದು ಬೊಟ್ಟು ಮಾಡಲು ಹೋಗಬಾರದು. ಹೋದರೆ ಮರುದಿನ ಬೀದಿಯೊಳಗೆ ಕಾಲಿಡಲಾಗುವುದಿಲ್ಲ.

ಎರಡನೇ ದಿನ ಸಂಸಾರಗಳ ಪಟ್ಟಿ. ತಪ್ಪು ಹೆಚ್ಚಾಗಿ ನುಸುಳುವುದು ಇಲ್ಲೇ. ವಿದ್ಯಾರ್ಥಿಗಳು ರಸ್ತೆಗೆ ಕಾಣುವ ಬಾಗಿಲು ತಟ್ಟುತ್ತಾರೆ. ರಸ್ತೆಗೆ ಕಾಣುವ ಬಾಗಿಲು ಬಹುಪಾಲು ಮಾಲೀಕರದ್ದು. ಬಾಡಿಗೆಯವರು ಮೆಟ್ಟಿಲ ಮೇಲೆ, ಹಿತ್ತಲ ಓಣಿಯಲ್ಲಿ, ತಾರಸಿಯ ಶೀಟ್ ಕೋಣೆಯಲ್ಲಿರುತ್ತಾರೆ. ಮೀಟರ್ ಬೋರ್ಡ್‌ನಲ್ಲಿರುವ ಕರೆಂಟ್ ಮೀಟರ್ ಎಣಿಸಿದರೆ ಒಂದು ಅಂದಾಜು ಸಿಗುತ್ತದೆ, ಆದರೆ ಒಂದೇ ಮೀಟರಿನಲ್ಲಿ ಎರಡು ಮೂರು ಸಂಸಾರ ಇರುವುದುಂಟು. ಜನಗಣತಿ ಕುಟುಂಬವನ್ನು ಗುರುತಿಸುವುದು ಒಂದೇ ಅಡುಗೆಯಲ್ಲಿ ಉಣ್ಣುವವರು ಎಂದು. ಹಾಗೇ ಒಲೆ ಎಣಿಸಿ. ಪ್ರತಿ ಒಲೆಗೂ ಒಂದು ಸಂಖ್ಯೆ ಕೊಟ್ಟು, 1ರಿಂದ 4ರವರೆಗೆ ಚೀಟಿ ಎತ್ತಿ, ಬಂದ ಸಂಖ್ಯೆಯಿಂದ ಪ್ರತಿ ನಾಲ್ಕನೆಯದನ್ನು ಆರಿಸಿದರೆ 30 ಮನೆ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಬೇಡಿ. ಹಗಲು ಬೀಗ ಹಾಕಿರುವವರು ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಹೋದವರು. ನೀರಿಗೆ ಅತಿ ಹೆಚ್ಚು ಪಾಡು ಪಡುವವರೇ ಅವರು. ಅವರನ್ನು ಬಿಟ್ಟು ಬಾಗಿಲು ತೆರೆದವರನ್ನಷ್ಟೇ ಸೇರಿಸಿದರೆ ಬೀದಿಯಲ್ಲಿ ತೊಂದರೆಯೇ ಇಲ್ಲ ಎಂದು ವರದಿ ಬರುತ್ತದೆ. ಸಂಜೆ ಏಳರ ಮೇಲೆ ಒಮ್ಮೆ, ಭಾನುವಾರ ಬೆಳಿಗ್ಗೆ ಒಮ್ಮೆ ಹೋಗಿ. ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯಿರಿ.

ಪ್ರಶ್ನೆ ಹನ್ನೆರಡು ದಾಟಬಾರದು. ‘ದಿನಕ್ಕೆ ಎಷ್ಟು ನೀರು ಬಳಸುತ್ತೀರಿ?’ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲ. ಕೇಳಿದರೆ ಕೇಳಿದವರ ಮುಖ ನೋಡಿ ಒಂದು ಸಂಖ್ಯೆ ಹೇಳುತ್ತಾರೆ. ‘ನಿನ್ನೆ’ ಎಂದು ಕೇಳಬೇಕು. ನಿನ್ನೆ ಎಷ್ಟು ಕೊಡ, ಯಾವ ಕೊಡ, ಎಲ್ಲಿಂದ, ಯಾರು ತಂದರು. ಆಮೇಲೆ ಆ ಕೊಡವನ್ನೇ ತರಿಸಿ, ಒಂದು ಲೀಟರಿನ ಬಾಟಲಿಯಿಂದ ಅಳೆಯಬೇಕು. 15 ಲೀಟರ್ ಎಂದು ಮಾರುವ ಪ್ಲಾಸ್ಟಿಕ್ ಕೊಡವನ್ನು ಸೊಂಟದಲ್ಲಿ ಹೊರುವವರು ಕಂಠದವರೆಗೆ ತುಂಬುವುದಿಲ್ಲ, ತುಳುಕುತ್ತದೆ. ಅವರು ತುಂಬುವ ಮಟ್ಟ ಎಲ್ಲಿಗೋ ಅಲ್ಲಿಗೆ ಅಳೆಯಿರಿ. ಅಳೆದ ನೀರನ್ನು ಚೆಲ್ಲದೆ ಅದೇ ಕೊಡಕ್ಕೆ ಹಿಂದಿರುಗಿಸಿ. ಇದನ್ನೂ ಹೇಳಿಕೊಡಬೇಕೇ ಎಂದರೆ, ಹೌದು, ಹೇಳಿಕೊಡಬೇಕು.

ಅಳತೆಗೋಲೂ ಕೈಯಲ್ಲಿರಲಿ. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ, ಒಳಚರಂಡಿ ಇರುವ ನಗರಕ್ಕೆ ಮಾನದಂಡ 135. ಐದು ಜನರ ಸಂಸಾರಕ್ಕೆ 55ರ ಲೆಕ್ಕದಲ್ಲೇ 275 ಲೀಟರ್, ಹದಿನೈದರ ಕೊಡದಲ್ಲಿ ಹದಿನೆಂಟಕ್ಕೂ ಹೆಚ್ಚು. ನಲ್ಲಿ ನೂರು ಮೀಟರ್ ದೂರವಿದ್ದು ಒಮ್ಮೆಗೆ ಒಂದೇ ಕೊಡ ತಂದರೆ, ಹದಿನೆಂಟು ಸಲಕ್ಕೆ ಹೋಗಿ ಬರುವ ದಾರಿ 3.6 ಕಿ.ಮೀ., ಅದರಲ್ಲಿ ಅರ್ಧ ಹದಿನೈದು ಕಿಲೋ ಹೊತ್ತು. ನಗರದಲ್ಲಿ ನೀರಿನ ಮೂಲ ನೂರು ಮೀಟರ್ ದಾಟಿದರೆ ಮಾತ್ರ ಜನಗಣತಿಯ ಪಟ್ಟಿಯಲ್ಲಿ ಅದು ‘ದೂರ’. ಹಳ್ಳಿಯಲ್ಲಿ ಐನೂರು ದಾಟಬೇಕು. ತೊಂಬತ್ತು ಮೀಟರ್ ನಡೆಯುವವಳು ಆ ಪಟ್ಟಿಯಲ್ಲಿ ‘ಹತ್ತಿರ’ದವಳು.

ಸಮಯ ಅಳೆಯುವುದು ಇದಕ್ಕಿಂತ ಕಷ್ಟ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಯ ಚೌಕ ಹಾಕುತ್ತದೆ. ಅದೇ ಮಾದರಿ ಹಿಡಿಯಬಹುದು, ಆದರೆ ‘5.30ಕ್ಕೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿದರೆ ನೆನಪಾಗುವುದಿಲ್ಲ. ಹಾಲಿನವನು ಬಂದಾಗ, ಮಸೀದಿಯ ಕೂಗಿಗೆ, ಫ್ಯಾಕ್ಟರಿ ಬಸ್ಸಿಗೆ, ಸಂಜೆಯ ಧಾರಾವಾಹಿಗೆ ಕಟ್ಟಿ ಕೇಳಬೇಕು. ಕಾಯುವುದನ್ನು ಯಾರೂ ಕೆಲಸ ಎಂದು ಹೇಳುವುದಿಲ್ಲ. ‘ಸುಮ್ನೆ ಇದ್ದೆ’ ಎನ್ನುತ್ತಾರೆ. ಆ ‘ಸುಮ್ನೆ’ಯಲ್ಲಿ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೋ ಎಂದು ಕೆಲಸಕ್ಕೆ ಹೋಗದೆ ಕೂತ ಅರ್ಧ ದಿನ ಅಡಗಿರುತ್ತದೆ. ಆ ಅರ್ಧ ದಿನದ ಕೂಲಿಯನ್ನು ನೀರಿನ ಬೆಲೆಗೆ ಸೇರಿಸಿದ ಮೇಲೆ ಮೇಲಿನ 250 ರೂಪಾಯಿಯ ಲೆಕ್ಕವೂ ಕಡಿಮೆಯದ್ದಾಗಿ ಕಾಣುತ್ತದೆ.

ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮನೆಯ ಗಂಡಸು ನೀರಿನ ಬಿಲ್ ಎಷ್ಟು ಎಂದು ಹೇಳಬಲ್ಲ, ಎಷ್ಟು ಕೊಡ ಎಂದು ಹೇಳಲಾರ. ಮಾಲೀಕರು ಮುಂದೆ ನಿಂತಿದ್ದರೆ ಬಾಡಿಗೆಯವರು ‘ಏನೂ ತೊಂದರೆ ಇಲ್ಲ’ ಎನ್ನುತ್ತಾರೆ. ಇಬ್ಬರು ವಿದ್ಯಾರ್ಥಿಗಳು ಜೊತೆಗೆ ಹೋಗಬೇಕು, ಒಬ್ಬರು ಮಾಲೀಕರನ್ನು ಮಾತಿಗೆಳೆದು ಆಚೆ ಕರೆದೊಯ್ಯಲು, ಇನ್ನೊಬ್ಬರು ಕೇಳಲು. ಜಾತಿಯ ಪ್ರಶ್ನೆ ಕೊನೆಗಿರಲಿ, ‘ಹೇಳಲು ಇಷ್ಟವಿಲ್ಲ’ ಎಂಬ ಖಾನೆಯೂ ಇರಲಿ. ಹೆಸರು ನೋಡಿ ಊಹಿಸಬಾರದು, ಪಕ್ಕದವರನ್ನು ಕೇಳಿ ತುಂಬಬಾರದು. ಆ ಪ್ರಶ್ನೆಯನ್ನೇ ಬಿಟ್ಟರೆ ಒಳ್ಳೆಯದಲ್ಲವೇ ಎಂದು ಹಲವು ಸಹೋದ್ಯೋಗಿಗಳು ಕೇಳುತ್ತಾರೆ. ಬಿಟ್ಟರೆ ಮೋರಿಗೆ ಹೊಂದಿಕೊಂಡ ಮನೆಗಳು ಯಾರವು, ಒಳಚರಂಡಿ ಕಟ್ಟಿಕೊಂಡಾಗ ಯಾರನ್ನು ಕರೆಯುತ್ತಾರೆ ಎಂಬುದಕ್ಕೆ ವರದಿಯಲ್ಲಿ ಜಾಗವೇ ಇರುವುದಿಲ್ಲ. ಸುರಕ್ಷಾ ಸಾಧನವಿಲ್ಲದೆ ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಎಂದಿತ್ತು, 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತು ಎಂಬುದರಲ್ಲೇ ಸಾವು ನಿಂತಿಲ್ಲ ಎಂಬುದು ಇದೆ. ಪರಿಸರದ ಪತ್ರಿಕೆಯಲ್ಲಿ ‘ಕೊಳಚೆ ನೀರಿನ ಸಂಸ್ಕರಣೆ’ ಎಂಬ ಅಧ್ಯಾಯ ಓದುವವರು ಇದನ್ನು ಬಿಟ್ಟು ಓದಿದರೆ ಏನು ಓದಿದ ಹಾಗಾಯಿತು?

ಫೋನ್ ನಂಬರ್ ತೆಗೆದುಕೊಳ್ಳಬೇಡಿ. ಮನೆಯೊಳಗಿನ ಫೋಟೊ ಬೇಡ. ‘ಇದರಿಂದ ನಮಗೇನಾದ್ರೂ ಸಿಗುತ್ತಾ?’ ಎಂದು ಕೇಳೇ ಕೇಳುತ್ತಾರೆ. ‘ಇಲ್ಲ, ನಾವು ಕಾಲೇಜಿನವರು’ ಎಂದು ನೇರವಾಗಿ ಹೇಳಬೇಕು. ಸಿಗಬಹುದು ಎಂಬ ಆಸೆ ಹುಟ್ಟಿದರೆ ಎಲ್ಲರ ಕಷ್ಟವೂ ಒಂದೇ ಸಮನೆ ದೊಡ್ಡದಾಗುತ್ತದೆ, ಅಂಕಿಗಳು ಕೆಡುತ್ತವೆ.

ಲೆಕ್ಕ ಹಾಕುವಾಗ ಮೂರೇ ಕಾಲಂ ಸಾಕು: ತಲೆಗೆ ಎಷ್ಟು ಲೀಟರ್, ಸಾವಿರ ಲೀಟರಿಗೆ ಎಷ್ಟು ರೂಪಾಯಿ, ದಿನಕ್ಕೆ ಎಷ್ಟು ನಿಮಿಷ. ಸರಾಸರಿ ತೆಗೆಯಬೇಡಿ. ಮೂವತ್ತರಲ್ಲಿ ಒಂದು ಮನೆಗೆ ತೋಟವಿದ್ದರೆ ಸರಾಸರಿ ಮೇಲೇರಿ ಬೀದಿಯೆಲ್ಲ ಚೆನ್ನಾಗಿ ಬದುಕುತ್ತಿರುವಂತೆ ಕಾಣುತ್ತದೆ. ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು, ಅಂದರೆ ಮಧ್ಯಾಂಕವನ್ನು ಹಿಡಿಯಿರಿ. ಮೂವತ್ತಾದ್ದರಿಂದ 15 ಮತ್ತು 16ನೆಯದರ ನಡು. ಸ್ವಂತ ಮನೆ, ಬಾಡಿಗೆ ಎಂದು ಒಡೆದಾಗ ಒಂದು ಕಡೆ ಏಳೋ ಎಂಟೋ ಮನೆ ಮಾತ್ರ ಉಳಿಯಬಹುದು. ಆಗ ಶೇಕಡಾವಾರು ಬರೆಯುವುದು ಮೋಸ. ‘ಎಂಟರಲ್ಲಿ ಆರು’ ಎಂದೇ ಬರೆಯಬೇಕು. ಮೂವತ್ತು ಮನೆಯಿಂದ ಬೆಂಗಳೂರಿನ ಬಗ್ಗೆ ತೀರ್ಪು ಕೊಡುವುದಂತೂ ಬೇಡವೇ ಬೇಡ. ಈ ಬೀದಿಯ ಬಗ್ಗೆ ಹೇಳಿದರೆ ಸಾಕು, ಬೀದಿಯ ಬಗ್ಗೆ ಅಷ್ಟು ಖಚಿತವಾಗಿ ಹೇಳುವವರು ಬೇರೆ ಯಾರೂ ಇಲ್ಲ.

ಈ ಅಂಕಿಗಳ ಪಕ್ಕಕ್ಕೆ ಇಡಲು ಸರ್ಕಾರಿ ಅಂಕಿ ಬೇಕಾಗುತ್ತದೆ: ಈ ಬೀದಿಗೆ ವಾರದಲ್ಲಿ ಯಾವ ದಿನ, ಎಷ್ಟು ಗಂಟೆ ನೀರು ಬಿಡಬೇಕೆಂದು ದಾಖಲೆಯಲ್ಲಿದೆ? ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿದರೆ 30 ದಿನದಲ್ಲಿ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ವಿದ್ಯಾರ್ಥಿಗಳು ಉದ್ದ ಪೀಠಿಕೆ ಬರೆದು ಅದರಲ್ಲೇ ಪದ ಮುಗಿಸುತ್ತಾರೆ. ಅರ್ಜಿಯನ್ನು ಮೊದಲ ವಾರವೇ ಹಾಕಿಬಿಡಬೇಕು, ಇಲ್ಲದಿದ್ದರೆ ಉತ್ತರ ಪರೀಕ್ಷೆ ಮುಗಿದ ಮೇಲೆ ಬರುತ್ತದೆ.

ಹಳ್ಳಿ ಕಡೆಯ ಕಾಲೇಜುಗಳಿಗೆ ವಿಷಯಕ್ಕೆ ಬರವಿಲ್ಲ. ಕೋಲಾರದ್ದನ್ನು ತೆಗೆದುಕೊಳ್ಳಿ. 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಯೋಜನೆ ದಿನಕ್ಕೆ 44 ಕೋಟಿ ಲೀಟರಿನದ್ದು, ಮೊದಲಿಗೆ ಹೇಳಿದ ಕೆರೆಗಳು 126. ಎರಡು ಹಂತದ ಸಂಸ್ಕರಣೆ ಸಾಕೇ, ಮೂರನೆಯದೂ ಬೇಕೇ ಎಂಬ ಚರ್ಚೆ ಪತ್ರಿಕೆಗಳಲ್ಲಿ, ನ್ಯಾಯಾಲಯದಲ್ಲಿ ನಡೆದಿದೆ, ನಡೆಯಲಿ. ನಾವು ಕೇಳಬೇಕಾದ್ದು ಬೇರೆ. ಕೆರೆ ತುಂಬಿ ಬೋರ್‌ಗಳಲ್ಲಿ ನೀರು ಬಂದರೆ ಅದು ಯಾರ ಬೋರ್? ನಮ್ಮಲ್ಲಿ ನೆಲದಡಿಯ ನೀರಿನ ಹಕ್ಕು ನೆಲದ ಜೊತೆ ಬರುತ್ತದೆ. ನೆಲವಿಲ್ಲದವರಿಗೆ ಅಂತರ್ಜಲವೂ ಇಲ್ಲ. ಅದರ ಮೇಲೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಕೂಲಿಯವರಿಗೆ ಕೆಲಸದ ದಿನ ಹೆಚ್ಚಾಯಿತೇ, ಕೂಲಿ ಏರಿತೇ? ಬೇಸಿಗೆಯಲ್ಲಿ ಕೆರೆಯಂಗಳದ ಹುಲ್ಲಿಗೆ ಕುರಿ ಬಿಡುತ್ತಿದ್ದವರು ವರ್ಷವಿಡೀ ನೀರು ನಿಂತ ಮೇಲೆ ಎಲ್ಲಿಗೆ ಹೋದರು? ಮೀನಿನ ಹರಾಜು ಯಾರ ಹೆಸರಿಗೆ? ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಂಚುತ್ತಿದ್ದ ನೀರುಗಂಟಿಯ ಮನೆಯವರು ಈಗ ಏನು ಮಾಡುತ್ತಿದ್ದಾರೆ? ಆ ಭಾಗದಲ್ಲಿ ನೀರುಗಂಟಿಗಳು ಬಹುಮಟ್ಟಿಗೆ ದಲಿತರು. ನೀರಿನ ಲೆಕ್ಕ ಅವರ ಕೈಯಲ್ಲಿತ್ತು, ನೀರು ಹರಿಯುವ ಗದ್ದೆ ಅವರದಾಗಿರುವುದು ಅಪರೂಪ. ಏರಿ, ಕೋಡಿ, ತೂಬು ಎಂದು ಕೆರೆಯ ಭಾಗಗಳ ಹೆಸರು ಬಾಯಿಪಾಠ ಮಾಡಿಸುವ ಪಠ್ಯಕ್ಕೆ ಈ ಒಂದು ವಾಕ್ಯ ಸೇರಿದರೆ ಚಿತ್ರವೇ ಬದಲಾಗುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಹೀಗೆಯೇ ಇನ್ನೊಂದಿದೆ. ಬರ ತಡೆಯಲೆಂದು, ಹೆಚ್ಚು ಜಮೀನಿಗೆ ತೆಳುವಾಗಿ ಹಂಚಲೆಂದು ಯೋಜಿಸಿದ ನೀರು ಮೇಲ್ಭಾಗದ ಭತ್ತಕ್ಕೆ ಮುಗಿದು, ಕೊನೆ ಭಾಗದ ರೈತ ಕಾಲುವೆಯ ಬುಡ ನೋಡುತ್ತ ಕೂರುತ್ತಾನೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ರಾಜ್ಯವೆಲ್ಲ ಗೇಟಿನ ಬಗ್ಗೆ ಮಾತಾಡಿತು. ಗೇಟ್ ಗಟ್ಟಿ ಇದ್ದ ವರ್ಷಗಳಲ್ಲೂ ನೀರು ಕಾಣದ ಜಮೀನುಗಳ ಪಟ್ಟಿಯನ್ನು ಸಿಂಧನೂರು, ಮಾನ್ವಿ, ರಾಯಚೂರಿನ ಕಾಲೇಜುಗಳು ಒಂದೊಂದು ವಿತರಣಾ ಕಾಲುವೆ ಹಿಡಿದು ಮಾಡಬಹುದು.

ಬಿಸಿಲಿನದ್ದೂ ಮಾಡಬಹುದು, ಖರ್ಚು ಇನ್ನೂ ಕಡಿಮೆ. ಶೀಟ್ ಮನೆ, ಆರ್‌ಸಿಸಿ ಮನೆಯ ಮೇಲಂತಸ್ತು, ಹೆಂಚಿನ ಮನೆ, ಮೂರಕ್ಕೂ ಒಂದೇ ಬಗೆಯ ಉಷ್ಣಮಾಪಕ, ಭುಜದ ಎತ್ತರದಲ್ಲಿ, ಒಲೆಯಿಂದ ದೂರ. ಮಧ್ಯಾಹ್ನ 3ಕ್ಕೊಮ್ಮೆ, ರಾತ್ರಿ 10ಕ್ಕೊಮ್ಮೆ. ಹಗಲಿನದ್ದಷ್ಟೇ ಬರೆದುಕೊಂಡು ಬಂದರೆ ತಪ್ಪುವುದುಂಟು: ಶೀಟ್ ಬೇಗ ಕಾದು ಬೇಗ ಆರುತ್ತದೆ, ಕಾದ ಆರ್‌ಸಿಸಿ ರಾತ್ರಿಯೆಲ್ಲ ಬಿಸಿ ಉಗುಳುತ್ತದೆ. ಹಗಲು ಆ ಶೀಟಿನಡಿ ಯಾರಿರುತ್ತಾರೆ ಎಂದು ಕೇಳುವುದನ್ನು ಮರೆಯದಿದ್ದರೆ ಆಯಿತು. ಬಾಣಂತಿ, ಮುದುಕರು, ಬೀಡಿ ಕಟ್ಟುವವರು.

ಇದಕ್ಕೆಲ್ಲ ಯಾರಿದ್ದಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪರಿಸರದ ಪತ್ರಿಕೆಯನ್ನು ಯಾರಿಗೆ ಕೆಲಸದ ಅವಧಿ ಕಡಿಮೆ ಬಿದ್ದಿದೆಯೋ ಅವರ ತಲೆಗೆ ಕಟ್ಟುವುದು ವಾಡಿಕೆ. ಬಹಳ ಕಡೆ ಅದು ಅತಿಥಿ ಉಪನ್ಯಾಸಕರ ಪಾಲು. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ಬೀದಿಯ ಜೊತೆ ನಂಟು ಕಟ್ಟಿಕೊಳ್ಳುವುದು ಹೇಗೆ? ಅದಕ್ಕೇ ಕ್ಷೇತ್ರಕಾರ್ಯದ ಪುಸ್ತಕ ವಿಭಾಗದಲ್ಲಿರಬೇಕು, ಅಧ್ಯಾಪಕರ ಚೀಲದಲ್ಲಲ್ಲ. ಒಂದು ಉದ್ದ ರಿಜಿಸ್ಟರ್, ಅದರಲ್ಲಿ ಬೀದಿಯ ನಕ್ಷೆ, ಒಲೆಯ ಸಂಖ್ಯೆ (ಹೆಸರಿಲ್ಲದೆ), ಮೂರು ಕಾಲಂ, ದಿನಾಂಕ. ವರದಿಯ ಒಂದು ಪುಟದ ಕನ್ನಡ ಸಾರವನ್ನು ಆ ಬೀದಿಯಲ್ಲೇ ಓದಿ ಹೇಳಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿಕೊಳ್ಳಬೇಕು. ಮೌಲ್ಯಮಾಪನವೂ ಸರಳ: ನಕ್ಷೆಗೆ 5, ಅಳತೆಗೆ 10, ‘ಸಿಗಲಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದದ್ದೂ ಸೇರಿ ಪಟ್ಟಿಗೆ 5, ಬೀದಿಯಲ್ಲಿ ಓದಿದ್ದಕ್ಕೆ 5. ಬೈಂಡಿಂಗ್‌ಗೆ ಸೊನ್ನೆ.

ವಿಶ್ವವಿದ್ಯಾಲಯಗಳ ಪಠ್ಯ ಮಂಡಳಿಗಳು ಒಪ್ಪುವುದಾದರೆ ಒಂದನ್ನು ಮಾತ್ರ ಮೊದಲೇ ಸರಿಪಡಿಸಬೇಕು. ಈ ಪತ್ರಿಕೆ ಬೆಸ ಸೆಮಿಸ್ಟರ್‌ಗೆ ಬಿದ್ದರೆ ಕ್ಷೇತ್ರಕಾರ್ಯ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಆಗ ಸಂಪು ತುಂಬಿರುತ್ತದೆ, ಟ್ಯಾಂಕರ್ ಕಾಣುವುದಿಲ್ಲ, ಎಲ್ಲ ಮನೆಯಲ್ಲೂ ಚೆನ್ನಾಗಿದೆ ಎಂದೇ ಉತ್ತರ. ಸಮ ಸೆಮಿಸ್ಟರ್‌ಗೆ ಹಾಕಿ, ಮಾರ್ಚ್ ಎರಡನೇ ವಾರ ಬೀದಿಗೆ ಇಳಿಯುವಂತಿರಲಿ. ಆಗಲಿಲ್ಲವೆಂದರೆ, ಸೆಪ್ಟೆಂಬರ್‌ನಲ್ಲಿ ಹೋದ ಅದೇ ಮೂವತ್ತು ಬಾಗಿಲನ್ನು ಮಾರ್ಚ್‌ನಲ್ಲಿ ಇನ್ನೊಮ್ಮೆ ತಟ್ಟುವಂತಿರಲಿ, ಅದೇ ಬಾಟಲಿ ಹಿಡಿದು.

ಇತಿ,
ಪದವಿ ಕಾಲೇಜುಗಳ ಸಮಾಜಶಾಸ್ತ್ರ ಅಧ್ಯಾಪಕರು, ಬೆಂಗಳೂರು ಮತ್ತು ಕೋಲಾರ